ಲಕ್ಕುಂಡಿ ಎಂಬ ಹೆಸರು ನಮಗೆ ಬಂದ ಬಗೆ

(ಶ್ರೀಮಠದ ಮಹೋತ್ಸವದ ಭಕ್ತಸಭೆಯಲ್ಲಿ ಮಾಡಿದ ಭಾಷಣ)

 

ಈ ಮಹಾಸಭೆಯಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಅಪ್ಪಣೆಯಾದಾಗ ನಾನು ಬಹಳವಾಗಿ ಹಿಂಜರಿದೆನು. ಶಾಸ್ತ್ರವನ್ನು ಬಲ್ಲವರೂ ವಚನಗಳ ಮರ್ಮವನ್ನರಿತವರೂ ಈ ವೇದಿಕೆಯನ್ನು ಅಲಂಕರಿಸಿರುವಾಗ, ಹಳ್ಳಿಯ ಶಾಲೆಗಳಲ್ಲಿ ಮಗ್ಗಿಯನ್ನೂ ಚರಿತ್ರೆಯನ್ನೂ ಹೇಳಿಕೊಟ್ಟು ನಿವೃತ್ತನಾದ ನನ್ನಂಥವನಿಂದ ತಮಗೆ ಆಗಬೇಕಾದ ಪ್ರಯೋಜನವೇನು? ಆದರೆ ಸ್ವಾಮಿಗಳವರು, "ಮನೆತನದ ಮೂಲವನ್ನು ಅರಸುತ್ತ ಲಕ್ಕುಂಡಿಯವರೆಗೆ ಹೋಗಿ ಬಂದಿರಷ್ಟೆ, ಅಲ್ಲಿ ಕಂಡದ್ದನ್ನೂ ಇಲ್ಲಿ ಕಂಡದ್ದನ್ನೂ ಇದ್ದುದಿದ್ದಂತೆ ಹೇಳಿರಿ" ಎಂದು ಅಪ್ಪಣೆ ಕೊಡಿಸಿದರು. "ಇದ್ದುದಿದ್ದಂತೆ" ಎಂಬ ಆ ಒಂದು ಮಾತು ನನಗೆ ಎಷ್ಟು ಭಾರವಾಯಿತೆಂಬುದು ಮುಂದೆ ತಮಗೇ ತಿಳಿಯುವುದು.

ನಮ್ಮ ಮನೆಯವರನ್ನು ಈ ಸೀಮೆಯಲ್ಲಿ ಎಲ್ಲರೂ ಲಕ್ಕುಂಡಿಯವರೆಂದು ಕರೆಯುತ್ತಾರೆ. ಮಲೆನಾಡಿನ ಅಂಚಿನಲ್ಲಿರುವ ಈ ಊರಿಗೂ ಗದಗಿನ ಮಗ್ಗುಲಲ್ಲಿರುವ ಆ ಊರಿಗೂ ನಡುವೆ ವರದಾ ನದಿಯಿದೆ, ಅದರಾಚೆ ಕಣ್ಣು ಹಾಯುವವರೆಗೆ ಎರೆಯ ಹೊಲಗಳಿವೆ. ಅಷ್ಟು ದೂರದ ಹೆಸರು ನಮಗೆ ಹೇಗೆ ಅಂಟಿಕೊಂಡಿತೆಂದು ಬಾಲ್ಯದಲ್ಲಿ ನಾವು ಕೇಳಿದರೆ ತೀರ್ಥರೂಪರು ಒಂದು ಕಥೆಯನ್ನು ಹೇಳುತ್ತಿದ್ದರು. ಲೊಕ್ಕಿಗುಂಡಿಯಲ್ಲಿ ಅರಸರ ಟಂಕಸಾಲೆಯಿತ್ತು. ಆ ಟಂಕಸಾಲೆಗೆ ನಮ್ಮ ಹಿರಿಯರು ಅಧಿಕಾರಿಗಳಾಗಿದ್ದರು. ರಾಜ್ಯವು ಅಳಿದ ಮೇಲೆ ಹೊನ್ನನ್ನು ಎತ್ತುಗಳ ಮೇಲೆ ಹೇರಿಕೊಂಡು ದಕ್ಷಿಣಕ್ಕೆ ಇಳಿದುಬಂದರು. ಇದಕ್ಕೆ ಪ್ರಮಾಣವೇನೆಂದು ಕೇಳುವ ಧೈರ್ಯ ನಮಗಾರಿಗೂ ಇರಲಿಲ್ಲ. ನಮ್ಮ ಮನೆಯಲ್ಲಿ ಹಳೆಯದೊಂದು ತಾಮ್ರದ ಕೊಪ್ಪರಿಗೆಯಿತ್ತು, ಅದನ್ನೇ ತೋರಿಸುತ್ತಿದ್ದರು. ಹೆಣ್ಣು ಕೊಡುವ ತರುವ ಮಾತು ಬಂದಾಗಲೆಲ್ಲ ಟಂಕಸಾಲೆಯ ಈ ಪ್ರಸ್ತಾಪವು ತಪ್ಪದೆ ಬರುತ್ತಿತ್ತು. ಅಂತಹ ಕಥೆಯು ಇಲ್ಲಿ ಕುಳಿತಿರುವವರಲ್ಲಿ ಅನೇಕರ ಮನೆಗಳಲ್ಲಿಯೂ ಇದ್ದೀತು. ಒಬ್ಬರು ಕೆಳದಿಯ ನಾಯಕರ ಬೊಕ್ಕಸದವರು, ಇನ್ನೊಬ್ಬರು ವಿಜಯನಗರದ ದಂಡಿನವರು. ಬಡವರ ಮಕ್ಕಳು ಮಾತ್ರ ಈ ನಾಡಿನಲ್ಲಿ ಯಾರೂ ಇದ್ದಂತೆ ಕಾಣುವುದಿಲ್ಲ.

ನನಗೆ ಮೊದಲು ಸಂಶಯ ಹುಟ್ಟಿಸಿದವರು ಹೆಳವರು. ಇವರ ವಿಷಯವನ್ನು ಹಿರಿಯರು ಬಲ್ಲರಾದರೂ ಕಿರಿಯರಿಗಾಗಿ ಸ್ವಲ್ಪ ಹೇಳುವೆನು. ಸುಗ್ಗಿ ಮುಗಿದ ಮೇಲೆ ಸಿಂಗರಿಸಿದ ಎತ್ತಿನ ಮೇಲೆ, ಕಾಲುಗಳನ್ನು ಕಂಬಳಿಯಲ್ಲಿ ಮರೆಸಿಕೊಂಡು ಕುಳಿತು, ಗಂಟೆಯನ್ನು ಬಾರಿಸುತ್ತ ಮನೆಯ ಮುಂದೆ ಬಂದು ನಿಲ್ಲುವವರು ಹೆಳವರು. ಹೆಳವನೆಂದರೆ ಕಾಲಿಲ್ಲದವನೆಂದರ್ಥ, ಮೂಲಪುರುಷನು ಅಂಗವಿಕಲನಾಗಿದ್ದನೆಂದು ಅವರ ಐತಿಹ್ಯ. ಊರೂರುಗಳ ಮನೆತನಗಳನ್ನು ಅವರು ತಮ್ಮೊಳಗೆ ಹಂಚಿಕೊಂಡಿರುತ್ತಾರೆ. ಒಬ್ಬನ ಪಾಲಿನ ಮನೆಗೆ ಮತ್ತೊಬ್ಬನು ಹೋಗುವಂತಿಲ್ಲ. ಮನೆಯ ಮೂಲಪುರುಷನಿಂದ ಹಿಡಿದು ನಿನ್ನೆ ಹುಟ್ಟಿದ ಕೂಸಿನವರೆಗೆ ಹೆಸರುಗಳನ್ನು ರಾಗವಾಗಿ ಹೇಳಿ, ಹೊಸ ಹೆಸರುಗಳನ್ನು ಹೊತ್ತಿಗೆಗೆ ಸೇರಿಸಿಕೊಂಡು, ಕಾಳನ್ನೋ ಬಟ್ಟೆಯನ್ನೋ ಹಣವನ್ನೋ ಪಡೆದು ಹೋಗುತ್ತಾರೆ. ಹಿಂದೆ ತಾಳೆಗರಿಗಳಲ್ಲಿ ಬರೆದಿಡುತ್ತಿದ್ದರು. ಈಗ ದಪ್ಪ ರಟ್ಟಿನ ಪುಸ್ತಕಗಳಲ್ಲಿ ಬರೆಯುತ್ತಾರೆ. ನಮ್ಮಲ್ಲಿ ಅವರನ್ನು ಭಿಕ್ಷುಕರೆಂದು ಅಸಡ್ಡೆಯಿಂದ ಕಾಣುವವರುಂಟು. ನನ್ನ ಮಟ್ಟಿಗೆ ಹೇಳುವುದಾದರೆ, ಸರ್ಕಾರದ ಜನನ ಮರಣಗಳ ಲೆಕ್ಕಕ್ಕಿಂತ ಎಷ್ಟೋ ಮುಂಚಿನಿಂದ ನಡೆದುಬಂದ ಒಂದು ಕಚೇರಿಯು ಎತ್ತಿನ ಬೆನ್ನಿನ ಮೇಲೆ ಸಂಚರಿಸುತ್ತಿತ್ತು.

ಹದಿನೈದು ವರ್ಷಗಳ ಹಿಂದೆ ನಮ್ಮ ಮನೆಗೆ ಬಂದ ಹೆಳವನು ವಂಶಾವಳಿಯನ್ನು ಹೇಳುತ್ತ ನಮ್ಮ ಮುತ್ತಜ್ಜನ ಹೆಸರಿನಿಂದ ಪ್ರಾರಂಭಿಸಿದನು. ನಾನು ತಡೆದು, "ಅವರಿಗಿಂತ ಹಿಂದಿನವರನ್ನು ಹೇಳಪ್ಪ" ಎಂದೆನು. ಅವನು ಹಾಳೆಯನ್ನು ಮಗುಚಿ ನೋಡಿ, "ಯಜಮಾನ್ರ, ನಮ್ಮ ಹೊತ್ತಿಗ್ಯಾಗ ಇವರಿಂದನ ಸುರು ಐತ್ರಿ. ಲಕ್ಕುಂಡಿಯಿಂದ ಬಂದವರು ಅಂತ ಬರದೈತಿ. ಹಿಂದಿಂದು ಬೇಕಂದ್ರ ಆ ಕಡಿ ಹೆಳವರನ್ನ ಕೇಳಬೇಕ್ರೀ" ಎಂದನು. ಮುತ್ತಜ್ಜನೆಂದರೆ ನಮ್ಮ ಅಜ್ಜನ ತಂದೆ. ಟಂಕಸಾಲೆಯ ಕಾಲವು ಎಂಟುನೂರು ವರ್ಷಗಳ ಹಿಂದಿನದು. ಹೆಳವನ ಹೊತ್ತಿಗೆಯು ನೂರೈವತ್ತು ವರ್ಷಗಳನ್ನೂ ದಾಟಲಿಲ್ಲ. ನಡುವಣ ಆರೇಳು ಶತಮಾನಗಳನ್ನು ತೀರ್ಥರೂಪರು ಒಂದೇ ಉಸಿರಿನಲ್ಲಿ ದಾಟಿಬಿಡುತ್ತಿದ್ದರೆಂಬುದು ಚರಿತ್ರೆಯ ಉಪಾಧ್ಯಾಯನಾದ ನನಗೆ ಅಂದಿನವರೆಗೆ ಹೊಳೆದಿರಲಿಲ್ಲ.

ಆದದ್ದರಿಂದ ನಿವೃತ್ತನಾದ ಮೇಲೆ, ಮೊಣಕಾಲುಗಳಿನ್ನೂ ಮಾತು ಕೇಳುತ್ತಿರುವಾಗಲೇ, ಲಕ್ಕುಂಡಿಗೆ ಹೊರಟೆನು.

ಗದಗಿನಿಂದ ಪೂರ್ವಕ್ಕೆ ಹೊಸಪೇಟೆಯ ದಾರಿಯಲ್ಲಿ ಸುಮಾರು ೧೨ ಕಿಲೋಮೀಟರು ಹೋದರೆ ಲಕ್ಕುಂಡಿ. ಮೋಟಾರಿನಲ್ಲಿ ಹೋಗುವವರಿಗೆ ಅದೊಂದು ಸಾಮಾನ್ಯವಾದ ಊರಾಗಿಯೇ ಕಾಣುವುದು. ಇಳಿದು ಒಂದು ಓಣಿಯನ್ನು ಹೊಕ್ಕಿರೋ, ಅಲ್ಲಿಂದ ಮುಂದೆ ಕಲ್ಲುಗಳೇ ನಿಮ್ಮೊಡನೆ ಮಾತಿಗಿಳಿಯುತ್ತವೆ. ನೂರೊಂದು ಗುಡಿ, ನೂರೊಂದು ಬಾವಿಯೆಂಬುದು ಅಲ್ಲಿನವರ ಮಾತು. ನಾನು ಎಣಿಸಲಿಲ್ಲ. ಆದರೆ ಎಲ್ಲಿ ನೋಡಿದರೂ ಹಳೆಯ ಗುಡಿಯ ಕಂಬವೊಂದು ದನದ ಕೊಟ್ಟಿಗೆಗೆ ಆಧಾರವಾಗಿರುವುದನ್ನೂ, ಹೂಬಳ್ಳಿಯನ್ನು ಕೊರೆದ ತೊಲೆಯೊಂದು ಜಗಲಿಯ ಮೆಟ್ಟಿಲಾಗಿರುವುದನ್ನೂ ಕಂಡೆನು. ಕಾಶಿವಿಶ್ವೇಶ್ವರನ ಗುಡಿಯಲ್ಲಿ ಶಿವಾಲಯವೂ ಸೂರ್ಯಾಲಯವೂ ಎದುರುಬದುರಾಗಿ ನಿಂತಿವೆ. ಅದರ ಬಾಗಿಲುವಾಡದ ಕೆತ್ತನೆಯನ್ನು ನೋಡಿ ದಣಿಯುವ ಹೊತ್ತಿಗೆ ಮಧ್ಯಾಹ್ನವಾಯಿತು. ಮಾಣಿಕೇಶ್ವರನ ಗುಡಿಯ ಮುಂದಿನ ಮುಸುಕಿನ ಬಾವಿಯ ಮೆಟ್ಟಿಲುಗಳನ್ನು ಇಳಿದು, ನೀರಿನ ಮಟ್ಟದಲ್ಲಿ ಕುಳಿತು ತಲೆಯೆತ್ತಿದರೆ, ಊರಿನ ಸದ್ದೆಲ್ಲ ಮೇಲೆಯೇ ಉಳಿದುಬಿಟ್ಟಿರುತ್ತದೆ. ಬಿಸಿಲಿನಲ್ಲಿ ಬಂದ ಮುದುಕನಿಗೆ ಅದಕ್ಕಿಂತ ದೊಡ್ಡ ಆತಿಥ್ಯ ಬೇರೊಂದಿಲ್ಲ.

ಟಂಕಸಾಲೆಯಿದ್ದುದು ನಿಜ. ಲೊಕ್ಕಿಯ ಗದ್ಯಾಣವೆಂಬ ನಾಣ್ಯದ ಹೆಸರು ಶಾಸನಗಳಲ್ಲಿ ಬರುತ್ತದೆ. ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿ ಊರು ಬೆಳೆಯಿತು. ೧೧೯೨ರ ಸುಮಾರಿನಲ್ಲಿ ಹೊಯ್ಸಳ ವೀರಬಲ್ಲಾಳನು ಇಲ್ಲಿಯೇ ನೆಲೆವೀಡನ್ನು ಬಿಟ್ಟಿದ್ದನು. ನಮ್ಮ ಶರಣಪರಂಪರೆಯಲ್ಲಿಯೂ ಈ ಊರಿಗೆ ಸ್ಥಾನವಿದೆ. ಅಜಗಣ್ಣನೂ ಅವನ ತಂಗಿ ಮುಕ್ತಾಯಕ್ಕನೂ ಲಕ್ಕುಂಡಿಯವರು. ಅಣ್ಣನನ್ನು ಕಳೆದುಕೊಂಡು ದುಃಖದಲ್ಲಿ ಮುಳುಗಿದ್ದ ಆ ತಾಯಿಗೂ ಅಲ್ಲಮಪ್ರಭುವಿಗೂ ನಡೆದ ಸಂವಾದವು ಶೂನ್ಯಸಂಪಾದನೆಯಲ್ಲಿ ಹೇಗೆ ಬಂದಿದೆಯೆಂಬುದನ್ನು ಈ ಸಭೆಗೆ ನಾನು ಹೇಳಬೇಕಾದುದಿಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ತಡೆದು ನಿಲ್ಲಿಸಿದುದು ಬ್ರಹ್ಮಜಿನಾಲಯ. ಅತ್ತಿಮಬ್ಬೆಯು ಕಟ್ಟಿಸಿದ ಬಸದಿಯದು. ಅದಕ್ಕೆ ಸಂಬಂಧಿಸಿದ ಶಾಸನವು ೧೦೦೭ನೆಯ ಇಸವಿಯದು. ಈಕೆ ಚಾಲುಕ್ಯ ತೈಲಪನ ಮಂತ್ರಿಯಾದ ಧಲ್ಲಪನ ಸೊಸೆ, ನಾಗದೇವನ ಹೆಂಡತಿ. ನಾಗದೇವನು ಮಡಿದಾಗ, ಅವನನ್ನೇ ಮದುವೆಯಾಗಿದ್ದ ಈಕೆಯ ತಂಗಿ ಗುಂಡಮಬ್ಬೆಯು ಸಹಗಮನ ಮಾಡಿದಳು. ಅತ್ತಿಮಬ್ಬೆಯು ಎಳೆಯ ಮಗನಾದ ಅಣ್ಣಿಗದೇವನಿಗಾಗಿ ಉಳಿದಳು. ಆ ಉಳಿದ ಬಾಳಿನಲ್ಲಿ ಆಕೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದಳು. ರನ್ನನಿಗೆ ಆಶ್ರಯವಿತ್ತು ೯೯೩ರಲ್ಲಿ ಅಜಿತಪುರಾಣವನ್ನು ಬರೆಯಿಸಿದಳು. ಗಂಡ ಸತ್ತ ಹೆಣ್ಣೊಬ್ಬಳು ಮಗನನ್ನು ಸಾಕಲು ಉಳಿದುಕೊಂಡಳೆಂಬ ಸಂಗತಿಯು ಕವಿಯ ಕಾವ್ಯದಲ್ಲಿ ಉಳಿದದ್ದೇ ಒಂದು ವಿಶೇಷ. ಆ ದಿನ ನಾನು ಇದನ್ನು ಚರಿತ್ರೆಯೆಂದು ನೋಡಿ ಬಂದೆನೇ ಹೊರತು, ನನ್ನ ಮನೆಗೂ ಇದಕ್ಕೂ ಏನಾದರೂ ಸಂಬಂಧವಿದ್ದೀತೆಂದು ಭಾವಿಸಲಿಲ್ಲ.

ಈ ಪ್ರಾಂತದ ಶಾಸನಗಳನ್ನು ಮೊದಲಿಗೆ ಶ್ರಮವಹಿಸಿ ಓದಿದವರಲ್ಲಿ ಫ್ಲೀಟ್ ಸಾಹೇಬರು ಮುಖ್ಯರು. ಅನಂತರ ೧೯೪೦ರಲ್ಲಿ ಬೊಂಬಾಯಿ ಕರ್ನಾಟಕದ ಶಾಸನಗಳ ಸಂಪುಟವು ಅಚ್ಚಾಯಿತು. ನಾನು ಧಾರವಾಡದಲ್ಲಿ ಎರಡು ದಿನ ಕುಳಿತು ಅದನ್ನು ಮಗುಚಿದೆನು. ಅರಸರ ವಂಶಾವಳಿಗಳು ಚಂದ್ರನಿಂದ ಪ್ರಾರಂಭವಾಗುತ್ತವೆ; ದಂಡನಾಯಕರವು ಮೂರು ನಾಲ್ಕು ತಲೆಗಳಿಗೆ ಮುಗಿಯುತ್ತವೆ; ಗಾಣದೆಣ್ಣೆಯನ್ನು ದೇವರ ದೀಪಕ್ಕೆ ಬಿಟ್ಟ ಒಕ್ಕಲಿಗೆ ಹೆಸರೊಂದೇ, ಕೆಲವೊಮ್ಮೆ ಅದೂ ಇಲ್ಲ, ಬರಿಯ ಗಾಣದ ಲೆಕ್ಕ. ನಮ್ಮವರು ಅಲ್ಲಿ ಯಾವ ಸಾಲಿನಲ್ಲಿಯೂ ಸಿಕ್ಕಲಿಲ್ಲ.

ಕೊನೆಯ ದಿನ ಸಂಜೆ ಲಕ್ಕುಂಡಿಯ ಕಟ್ಟೆಯೊಂದರ ಮೇಲೆ ಕುಳಿತಿದ್ದ ಒಬ್ಬ ವೃದ್ಧರನ್ನು ಕೇಳಿದೆನು: "ಇಲ್ಲಿ ಲಕ್ಕುಂಡಿಯವರೆಂಬ ಮನೆತನದವರು ಯಾರಾದರೂ ಉಂಟೋ?" ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕರು. "ಏನ್ರೀ ಮಾಸ್ತರ, ಊರು ಬಿಟ್ಟವರಿಗೆ ಊರ ಹೆಸರು ಬರತೈತಿ. ಊರಾಗ ಇದ್ದವರಿಗೆ ಅದು ಯಾಕ ಬೇಕು? ನಾನು ಗದಗಿಗೆ ಹೋದ್ರ ಲಕ್ಕುಂಡಿಯಾಂವ, ಇಲ್ಲೆ ನಮ್ಮ ಮನಿ ಹೆಸರ ಬ್ಯಾರೆ" ಎಂದರು.

ಮುಪ್ಪಿನವರೆಗೆ ನಾನು ಹೊತ್ತು ತಿರುಗಿದ ಹೆಸರಿನ ಅರ್ಥವು ಆ ಕಟ್ಟೆಯ ಮೇಲೆ ಆಯಿತು. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಊರಿನ ಹೆಸರನ್ನು ಮನೆತನದ ಹೆಸರಾಗಿ ಧರಿಸಿದವರು ಸಾವಿರಾರು ಮಂದಿಯಿದ್ದಾರೆ. ಆ ಹೆಸರು ಅವರು ಆ ಊರಿನಲ್ಲಿ ದೊಡ್ಡವರಾಗಿದ್ದುದರ ಗುರುತಲ್ಲ. ಆ ಊರನ್ನು ಬಿಟ್ಟುದರ ಗುರುತು. ಮತ್ತು ಹೆಸರನ್ನು ಇಟ್ಟವರು ಅವರಲ್ಲ. ಅವರು ಹೋಗಿ ಸೇರಿದ ಊರಿನವರು. ಹಾಗಾದರೆ ನಮ್ಮ ಮೂಲವನ್ನು ನಾನು ಹುಡುಕಬೇಕಾಗಿದ್ದುದು ಲಕ್ಕುಂಡಿಯಲ್ಲಿ ಅಲ್ಲ. ಯಾರು, ಯಾವಾಗ, ಏತಕ್ಕಾಗಿ ನಮ್ಮನ್ನು ಹಾಗೆ ಕರೆದರೋ, ಅಲ್ಲಿ. ಎಂದರೆ ಇಲ್ಲಿ, ಈ ಊರಿನಲ್ಲಿ.

ಅದಾದ ಮೇಲೆ ಕೆಲವು ವರ್ಷ ಏನೂ ನಡೆಯಲಿಲ್ಲ. ಈ ಮಹೋತ್ಸವದ ಸ್ಮಾರಕ ಗ್ರಂಥವನ್ನು ಹೊರತರಬೇಕೆಂದು ನಿಶ್ಚಯವಾದಾಗ ಮಠದ ಹಳೆಯ ಕಟ್ಟುಗಳನ್ನು ಬಿಚ್ಚಿ ನೋಡುವ ಕೆಲಸವನ್ನು ನನಗೂ ಇನ್ನಿಬ್ಬರಿಗೂ ಒಪ್ಪಿಸಿದರು. ಉಗ್ರಾಣದ ಅಟ್ಟದಲ್ಲಿ, ಹಳೆಯ ಪಲ್ಲಕ್ಕಿಯ ದಂಡಿಗೆಗಳ ಹಿಂದೆ, ಮೂರು ಗಂಟುಗಳಿದ್ದವು. ಒಂದು ತಾಳೆಗರಿಯದು, ಎರಡನೆಯದು ಕಾಗದದ ಲೆಕ್ಕಪುಸ್ತಕಗಳದು, ಅರ್ಧ ಗೆದ್ದಲಿನ ಪಾಲಾಗಿತ್ತು, ಮೂರನೆಯದು ಕಡತಗಳದು. ಕಡತವೆಂದರೆ ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕರಿಯ ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುವರು. ಲೆಕ್ಕ ತೀರಿದ ಮೇಲೆ ಒರೆಸಿ ಮತ್ತೆ ಬರೆಯಬಹುದು. ಆದಕಾರಣ ಹಳೆಯ ಕಡತವೊಂದು ಒರೆಸದೆ ಉಳಿದುದೆಂದರೆ, ಯಾರೋ ಒರೆಸಲು ಮನಸ್ಸಿಲ್ಲದೆ ಇಟ್ಟುದೆಂದೇ ನಾನು ತಿಳಿಯುತ್ತೇನೆ.

ಅವುಗಳಲ್ಲೊಂದು ಧಾತು ಮತ್ತು ಈಶ್ವರ ಸಂವತ್ಸರಗಳ ದಾಸೋಹದ ಲೆಕ್ಕ. ಎಂದರೆ ೧೮೭೬ರಿಂದ ೧೮೭೮ರವರೆಗಿನ ಬರಗಾಲದ ಲೆಕ್ಕ. ಆ ಬರವು ಎಂತಹದೆಂಬುದನ್ನು ಅಂಕಿಗಳಿಂದಲೇ ತಿಳಿಯಬಹುದು. ಮೈಸೂರು ಸಂಸ್ಥಾನದಲ್ಲಿ ೧೮೭೧ರ ಗಣತಿಯಲ್ಲಿ ೫೦ ಲಕ್ಷಕ್ಕೆ ಮೇಲ್ಪಟ್ಟಿದ್ದ ಜನಸಂಖ್ಯೆಯು ೧೮೮೧ರ ಗಣತಿಯಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿದಿತ್ತು. ಧಾರವಾಡ ಜಿಲ್ಲೆಯ ಪೂರ್ವಭಾಗದ ಬಯಲುಸೀಮೆಯು ಬಹಳವಾಗಿ ನೊಂದಿತು. ಅದಕ್ಕೂ ಹಿಂದೆ ೧೭೯೧-೯೨ರಲ್ಲಿ ಆ ಕಡೆ ಬಂದ ಬರಕ್ಕೆ ಜನರು ಡೋಗಿ ಬರವೆಂದು ಹೆಸರಿಟ್ಟಿದ್ದರು. ತಲೆಬುರುಡೆಗಳ ಬರವೆಂದು ಅದರ ಅರ್ಥ. ಇಂತಹ ಕಾಲದಲ್ಲಿ ಜನರು ಮಳೆಯ ಸುಳಿವಿದ್ದ ಕಡೆಗೆ, ಎಂದರೆ ಪಶ್ಚಿಮದ ಕಾಡಿನ ಕಡೆಗೆ, ಕಾಲ್ನಡೆಯಲ್ಲಿ ಹೊರಡುತ್ತಿದ್ದರು. ದಾರಿಯಲ್ಲಿ ಸತ್ತವರ ಲೆಕ್ಕವನ್ನು ಯಾವ ಹೆಳವನೂ ಬರೆದಿಡಲಿಲ್ಲ.

ಕಡತದ ಬರವಣಿಗೆಯು ಮೋಡಿ. ಓದಲು ನಮಗೆ ಎರಡು ತಿಂಗಳು ಹಿಡಿಯಿತು. ದಿನಕ್ಕೊಂದು ಮಡಿಕೆ, ಅದರಲ್ಲಿ ಉಗ್ರಾಣದಿಂದ ತೆಗೆದ ಅಕ್ಕಿ ರಾಗಿಗಳ ಲೆಕ್ಕ, ಉಂಡವರ ಲೆಕ್ಕ. ಉಂಡವರಲ್ಲಿ ಊರವರಿಗೆ ಹೆಸರುಗಳಿವೆ. ಹೊರಗಿನಿಂದ ಬಂದವರಿಗೆ ಬಂದ ದಿಕ್ಕಿನ ಹೆಸರು ಮಾತ್ರ. ರೋಣದ ಕಡೆಯವರು ೪, ನವಲಗುಂದದವರು ೨, ಹೀಗೆ. ಲೆಕ್ಕ ಬರೆದ ಪುಣ್ಯಾತ್ಮನಿಗೆ ಹೆಸರು ಕೇಳುವಷ್ಟು ವ್ಯವಧಾನವಾದರೂ ಎಲ್ಲಿತ್ತು? ಈಶ್ವರ ಸಂವತ್ಸರದ ಶ್ರಾವಣದ ಒಂದು ಮಡಿಕೆಯಲ್ಲಿ ನಾನು ಓದಿದೆನು: "ಲಕ್ಕುಂಡಿ ಕಡೆಯವಳು ೧, ಹುಡುಗ ೧."

ಹನ್ನೆರಡು ದಿನ ಇದೇ ಸಾಲು ಬರುತ್ತದೆ. ಹದಿಮೂರನೆಯ ದಿನ "ಲಕ್ಕುಂಡಿ ಹುಡುಗ ೧" ಎಂದಷ್ಟೇ ಇದೆ. ಮುಂದೆ ಪ್ರತಿದಿನವೂ ಅಷ್ಟೇ. ನಡುವೆ ಏನಾಯಿತೆಂದು ಒಂದು ಅಕ್ಷರವೂ ಇಲ್ಲ. ಅದು ಅನ್ನದ ಲೆಕ್ಕ. ಉಣ್ಣದವರು ಅದರಲ್ಲಿ ಬರುವುದಿಲ್ಲ.

ಬರ ತೀರಿ ಬಹುಧಾನ್ಯ ಸಂವತ್ಸರ ಬರುವ ಹೊತ್ತಿಗೆ ಬಂದವರಲ್ಲಿ ಅನೇಕರು ತಮ್ಮ ಊರುಗಳಿಗೆ ಮರಳಿದರು. ಹುಡುಗನು ಹೋಗಲಿಲ್ಲ, ಕರೆದುಕೊಂಡು ಹೋಗುವವರಾರು? "ಲಕ್ಕುಂಡಿ ಹುಡುಗನಿಗೆ ಕಂಬಳಿ ೧, ದನ ಕಾಯಲು" ಎಂದು ಒಂದು ಕಡೆ. ಇನ್ನೊಂದು ಕಡೆ, "ಲಕ್ಕುಂಡಿ ಹುಡುಗನಿಗೆ ಕರಡಿಗೆ ೧." ಕಡತವು ಅಲ್ಲಿಗೆ ಮುಗಿಯುತ್ತದೆ. ಮುಂದೆ ಕಾಗದದ ಪುಸ್ತಕಗಳಲ್ಲಿ, ಗೆದ್ದಲು ಉಳಿಸಿದ ಹಾಳೆಗಳಲ್ಲಿ, ಮಠದ ಹೊಲವೊಂದನ್ನು ಗುತ್ತಿಗೆಗೆ ಹಿಡಿದವನ ಹೆಸರು ಬರುತ್ತದೆ. ಅದು ಹೆಳವನು ಹೇಳಿದ ನಮ್ಮ ಮುತ್ತಜ್ಜನ ಹೆಸರು. ಅದರ ಮುಂದೆ ಲಕ್ಕುಂಡಿಯೆಂದು ಬರೆದಿದೆ.

ಚರಿತ್ರೆಯನ್ನು ಕಲಿಸಿದವನು ಇಷ್ಟಕ್ಕೇ ಹಿಗ್ಗಬಾರದು. ಲಕ್ಕುಂಡಿಯ ಕಡೆಯಿಂದ ಬಂದ ಬೇರೆ ಹುಡುಗರೂ ಇದ್ದಿರಬಹುದಷ್ಟೆ? ನಾನೂ ಹಾಗೆಯೇ ಯೋಚಿಸಿದೆನು. ಆದರೆ ಗುತ್ತಿಗೆಯ ಆ ಹೊಲವು ಈಗಲೂ ನಮ್ಮ ಸಾಗುವಳಿಯಲ್ಲಿದೆ. ಅದನ್ನು ನಮ್ಮ ಮನೆಯಲ್ಲಿ "ಹುಡುಗನ ಹಕ್ಕಲು" ಎಂದು ಕರೆಯುತ್ತೇವೆ. ಯಾವ ಹುಡುಗನೆಂದು ಕೇಳಿದರೆ, ಹಿಂದೆ ಅಲ್ಲಿ ಒಬ್ಬ ಹುಡುಗನನ್ನು ಹುಲಿ ಹಿಡಿಯಿತೆಂದು ತೀರ್ಥರೂಪರು ಹೇಳುತ್ತಿದ್ದರು. ಪಾಪ, ಅವರಿಗೂ ಯಾರೋ ಹಾಗೆ ಹೇಳಿದ್ದರೋ, ಅಥವಾ ಅವರೇ ಕಟ್ಟಿದರೋ ತಿಳಿಯದು. ಮನೆಯ ಕಥೆಯು ಮರೆತುದನ್ನು ಹೊಲದ ಹೆಸರು ಮರೆತಿರಲಿಲ್ಲ. ಹೆಳವನ ಹೊತ್ತಿಗೆ, ಮಠದ ಲೆಕ್ಕ, ಹೊಲದ ಹೆಸರು, ಈ ಮೂರೂ ಒಂದನ್ನೊಂದು ಅರಿಯದೆ ಒಂದೇ ಮಾತನ್ನು ಹೇಳುತ್ತಿರುವಾಗ ನಾನು ನಂಬದಿರಲಾರೆನು.

ಈಗ ಭಾರವಾದ ಮಾತು. ನಮ್ಮಲ್ಲಿ ಕೂಸು ಹುಟ್ಟಿದೊಡನೆ ಲಿಂಗವನ್ನು ಕಟ್ಟುವ ಸಂಪ್ರದಾಯವಿದೆ. ಏಳೆಂಟು ವರ್ಷದ ಹುಡುಗನಿಗೆ ಮಠದವರು ಹೊಸದಾಗಿ ಕರಡಿಗೆಯನ್ನು ಕೊಟ್ಟರೆಂದರೆ ಅದರ ಅರ್ಥವೇನು? ಬರದ ದಾರಿಯಲ್ಲಿ ಅವನ ಕರಡಿಗೆಯು ಕಳೆದುಹೋಗಿದ್ದಿರಬಹುದು. ಬೆಳ್ಳಿಯದಾಗಿದ್ದರೆ ತಾಯಿಯೇ ಹಿಡಿ ಕಾಳಿಗಾಗಿ ಮಾರಿದ್ದಿರಬಹುದು. ಅಥವಾ ಅವನಿಗೆ ಅದು ಮೊದಲ ಕರಡಿಗೆಯೇ ಆಗಿದ್ದಿರಬಹುದು. ಆ ಹೆಂಗಸಿನ ಹೆಸರಿಲ್ಲ, ಗಂಡನ ಹೆಸರಿಲ್ಲ, ಕುಲವಿಲ್ಲ, ಬೆಡಗಿಲ್ಲ. ಲೆಕ್ಕ ಬರೆದವನು ಕೇಳಲಿಲ್ಲವೋ, ಕೇಳಿಯೂ ಬರೆಯಲಿಲ್ಲವೋ.

ಇದನ್ನು ನಮ್ಮ ಅಣ್ಣನವರಿಗೆ ಮೊದಲು ತಿಳಿಸಿದೆನು. ಅವರಿಗೆ ಎಂಬತ್ತು ದಾಟಿದೆ, ಮನೆಗೆ ಹಿರಿಯರು, ತೀರ್ಥರೂಪರ ಕಥೆಯನ್ನು ಅಕ್ಷರಶಃ ನಂಬಿದವರು. ಅವರು ಬಹಳ ಹೊತ್ತು ಸುಮ್ಮನಿದ್ದು, "ತಮ್ಮಾ, ನಿನಗೆ ಇದರಿಂದ ಏನು ಬಂತು? ಮೊಮ್ಮಗಳಿಗೆ ಗಂಡು ನೋಡುತ್ತಿದ್ದೇವೆ. ಸಭೆಯಲ್ಲಿ ನಿಂತು, ನಮ್ಮ ಮೂಲ ಯಾವುದೆಂದು ನಮಗೇ ಗೊತ್ತಿಲ್ಲ ಎನ್ನುತ್ತೀಯಾ?" ಎಂದರು. ನಾನು ಉತ್ತರ ಹೇಳಲಿಲ್ಲ. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಪುಸ್ತಕದಲ್ಲಿ ಓದಿದ್ದನ್ನು ಹೇಳುವುದು ಸುಲಭ. ಹೇಳಿದ ಮೇಲೆ ಆ ಮಾತಿನೊಡನೆ ಬಾಳಬೇಕಾದವರು ಮನ್ನಿಸಿ ಬಂದ ಬೀಗರ ಮುಂದೆ ಕೂರಬೇಕಾದ ಹೆಣ್ಣುಮಕ್ಕಳು. ಸ್ವಾಮಿಗಳವರಲ್ಲಿಗೆ ಹೋಗಿ ಭಾಷಣಕ್ಕೆ ಬೇರೆ ವಿಷಯವನ್ನು ಆರಿಸಿಕೊಳ್ಳುವೆನೆಂದು ಬಿನ್ನವಿಸಿಕೊಂಡೆನು. ಅವರು ಬೇಡವೆನ್ನಲಿಲ್ಲ. "ಹಾಗೆಯೇ ಆಗಲಿ. ಆದರೆ ಕಡತವನ್ನು ಅಚ್ಚು ಮಾಡಿಸುವಾಗ ಆ ಸಾಲುಗಳನ್ನು ಬಿಡಿಸಬೇಕೋ?" ಎಂದು ಕೇಳಿದರು. ಆ ಪ್ರಶ್ನೆಯೊಡನೆ ಮನೆಗೆ ಬಂದೆನು.

ಇಲ್ಲಿ ಒಂದು ಮಾತನ್ನು ಬಿಟ್ಟು ಮುಂದೆ ಹೋಗಲಾರೆನು. ಫ. ಗು. ಹಳಕಟ್ಟಿಯವರು ಊರೂರು ತಿರುಗಿ, ಮನೆಮನೆಯ ಅಟ್ಟಗಳಿಂದ ತಾಳೆಗರಿಗಳನ್ನು ಇಳಿಸದೆ ಹೋಗಿದ್ದರೆ, ೧೯೨೩ರಲ್ಲಿ ವಚನಶಾಸ್ತ್ರಸಾರವು ಹೊರಬರುತ್ತಿರಲಿಲ್ಲ. ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ರೈಸ್ ಸಾಹೇಬರು ೧೯೦೨ ಮತ್ತು ೧೯೦೪ರಲ್ಲಿ ಎರಡು ಸಂಪುಟಗಳಾಗಿ ಅಚ್ಚು ಮಾಡಿಸದೆ ಇದ್ದಿದ್ದರೆ, ಅವುಗಳಲ್ಲಿ ಎಷ್ಟು ಕಲ್ಲುಗಳು ಇಂದು ಬಟ್ಟೆ ಒಗೆಯುವ ಬಂಡೆಗಳಾಗಿರುತ್ತಿದ್ದವೋ! ಆದರೆ ದೊಡ್ಡವರು ಹುಡುಕಿದುದು ದೊಡ್ಡ ಗ್ರಂಥಗಳನ್ನೂ ಅರಸರ ಶಾಸನಗಳನ್ನೂ. ಅನ್ನದ ಲೆಕ್ಕವನ್ನು, ಗುತ್ತಿಗೆಯ ಚೀಟಿಯನ್ನು, ಸಾಲದ ಪತ್ರವನ್ನು ಯಾರು ಕೇಳುವರು? ಮಹಾನವಮಿಯಲ್ಲಿ ಗಂಟಿಗೆ ಹೂವೇರಿಸಿ ಕೈಮುಗಿದು ಮತ್ತೆ ಗೆದ್ದಲಿನ ಬಾಯಿಗೆ ಇಡುತ್ತೇವೆ. ಮನೆ ಹೊಸದಾಗಿ ಕಟ್ಟುವಾಗ ತೂಕಕ್ಕೆ ಹಾಕುತ್ತೇವೆ, ಇಲ್ಲವೇ ಹೊಳೆಗೆ ಬಿಡುತ್ತೇವೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹಾಗೆ ಗಂಟುಗಳಿದ್ದರೆ ದಯವಿಟ್ಟು ಮಠಕ್ಕೆ ತಂದು ತೋರಿಸಿರಿ. ಓದಿ, ನಕಲು ಮಾಡಿಕೊಂಡು, ನಿಮಗೇ ಹಿಂದಕ್ಕೆ ಕೊಡುವ ಏರ್ಪಾಡನ್ನು ಮಾಡಿದ್ದೇವೆ. ಸಿಕ್ಕುವ ಸಂಗತಿಯು ಹಿತವಾಗಿಯೇ ಇರುವುದೆಂದು ಮಾತ್ರ ನಾನು ಭರವಸೆ ಕೊಡಲಾರೆನು.

ಕಳೆದ ಸುಗ್ಗಿಯಲ್ಲಿ ಹೆಳವನು ಬಂದನು. ಹಿಂದೆ ಬಂದವನ ಮಗನಿವನು. ಎತ್ತನ್ನು ಬಿಟ್ಟು ಮೋಟಾರು ಗಾಡಿಯಲ್ಲಿ ಬರುತ್ತಾನೆ, ಗಂಟೆ ಮಾತ್ರ ಹಳೆಯದೇ. ವಂಶಾವಳಿಯನ್ನು ಹೇಳಿ ಮುಗಿಸಿದ ಮೇಲೆ ನಾನು ಕಡತದ ಸಂಗತಿಯನ್ನು ತಿಳಿಸಿ, "ಮೊದಲ ಹೆಸರಿನ ಮೇಲೆ ಒಂದು ಸಾಲು ಸೇರಿಸಬೇಕಲ್ಲ" ಎಂದೆನು. ಅವನು ಲೇಖನಿಯನ್ನು ತೆಗೆದು, "ಹೆಸರು ಹೇಳ್ರಿ" ಎಂದನು. ಹೆಸರು ತಿಳಿಯದೆಂದೆನು. "ಹೆಂಗಸರ ಹೆಸರು ನಮ್ಮ ಹೊತ್ತಿಗ್ಯಾಗ ಮೊದಲ ಬರೂದಿಲ್ರಿ. ಅದರಾಗ ಹೆಸರ ಇಲ್ದಾಕಿನ್ನ ಹ್ಯಾಂಗ ಬರೀಲಿ?" ಎಂದು ಅವನು ಪೇಚಾಡಿದನು.

ಅಣ್ಣನವರು ಜಗಲಿಯ ಕಂಬಕ್ಕೆ ಒರಗಿ ಕುಳಿತು ಎಲ್ಲವನ್ನೂ ಕೇಳುತ್ತಿದ್ದರು. ನಾನು ಅವರ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ, "ಲಕ್ಕುಂಡಿಯ ತಾಯಿ ಅಂತ ಬರಕೊ" ಎಂದರು. ಹೆಳವನು ಬರೆದುಕೊಂಡನು. ಆಮೇಲೆ ಅಣ್ಣನವರು ಕೋಲೂರಿಕೊಂಡು ಎದ್ದು, ಒಳಗಿನಿಂದ ಕೊಳಗವನ್ನು ತರಿಸಿ, ಪ್ರತಿ ವರ್ಷ ಮಕ್ಕಳು ಅಳೆಯುತ್ತಿದ್ದ ಬತ್ತವನ್ನು ತಾವೇ ಅಳೆದರು. ಲೆಕ್ಕ ಮುಗಿದ ಮೇಲೆ ಇನ್ನೊಂದು ಕೊಳಗವನ್ನು ತುಂಬಿ, ಬೇರೆಯಾಗಿ ಸುರಿದರು. ಅವರು ಇಂದು ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರ ಅಪ್ಪಣೆಯನ್ನು ಪಡೆದೇ ಇಷ್ಟನ್ನು ಇಲ್ಲಿ ಬಿನ್ನವಿಸಿಕೊಂಡಿದ್ದೇನೆ.